ಓರೆ ಜಾಗದಲ್ಲಿ ಒಂದು ಮನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಮಾತಾಡಪ್ಪ ಎಂದು ಸಂಘಟಕರು ಹೇಳಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ನಾನು ಏನು ಮಾಡುತ್ತೇನೆ ಎಂಬುದನ್ನು ನಮ್ಮವ್ವನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಆಕೆ ಇವತ್ತಿಗೂ ಬಂಧುಗಳ ಮುಂದೆ "ಅವ ಟೈಪ್ ಮಾಡ್ತಾನ" ಎಂದಷ್ಟೇ ಹೇಳುತ್ತಾಳೆ. ಹತ್ತು ವರ್ಷದಲ್ಲಿ ಆಗದ್ದು ಇಪ್ಪತ್ತು ನಿಮಿಷದಲ್ಲಿ ಆಗಲಾರದು. ಅದಕ್ಕೆ ನಾನು ಕಟ್ಟಿಸಿದ ಮನೆಯ ಬಗ್ಗೆ ಮಾತಾಡುತ್ತೇನೆ. ಆ ಮನೆಯ ಬಗ್ಗೆ ಊರಲ್ಲಿ ಈಗಾಗಲೇ ಬೇಕಾದಷ್ಟು ಮಾತು ನಡೆದಿದೆ. "ಬಿ.ಇ. ಕಲಿತಾವ, ಗುಡ್ಡದ ಓರ್ಯಾಗ ಮಣ್ಣಿನ ಮನಿ ಕಟ್ಯಾನ" ಎಂದು ಚಹಾದಂಗಡಿಯಲ್ಲಿ ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಅದಕ್ಕೆ ಉತ್ತರವನ್ನು ಎಲ್ಲರೆದುರು ಒಮ್ಮೆಲೇ ಕೊಟ್ಟುಬಿಡುತ್ತೇನೆ.

ಮೊದಲೇ ಒಂದು ಮಾತು. ನನ್ನ ಬಿ.ಇ. ಕಂಪ್ಯೂಟರ್ ಸೈನ್ಸ್, ಸಿವಿಲ್ ಅಲ್ಲ. ಪಾಯಾ, ತಡೆಗೋಡೆ, ಸ್ಲ್ಯಾಬಿನ ನಕ್ಷೆಯನ್ನು ಸಿವಿಲ್ ಇಂಜಿನಿಯರರೇ ಮಾಡಿಕೊಟ್ಟರು, ಅದಕ್ಕೆ ಫೀ ಕೊಟ್ಟೆ, ಆ ಹಣ ಒಂದು ಪೈಸೆಯೂ ದಂಡವಾಗಲಿಲ್ಲ. ಆದರೆ ಅವರ ಮುಂದೆ ಕುಳಿತು ಪ್ರಶ್ನೆ ಕೇಳಲು ಬೇಕಾದ ವಿಜ್ಞಾನವೆಲ್ಲ ಈ ಶಾಲೆಯ ಎಂಟರಿಂದ ಹತ್ತನೇ ತರಗತಿಯವರೆಗೆ ಕಲಿತದ್ದೇ. ಬಲ, ಒತ್ತಡ, ಉಷ್ಣದ ಪ್ರಸರಣ, ಸೂರ್ಯನ ಚಲನೆ. ಇದಕ್ಕಿಂತ ಹೆಚ್ಚು ಬೇಕಾಗಲಿಲ್ಲ.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿದೆ. ಘಟಪ್ರಭಾ ತುಂಬಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆ ನೀರೊಳಗೆ ಹೋಯಿತು, ನದಿದಂಡೆಯ ಎಷ್ಟೋ ಊರುಗಳು ಗಂಜಿ ಕೇಂದ್ರಕ್ಕೆ ಬಂದವು. ನಮ್ಮ ಅಜ್ಜ ಕಟ್ಟಿಸಿದ ಮನೆಯೂ ಹೊಳೆಯ ಬದಿಯಲ್ಲೇ ಇತ್ತು. ಮಣ್ಣಿನ ಗೋಡೆ ಮೂರು ದಿನ ನೀರಲ್ಲಿ ನಿಂತು, ನೀರು ಇಳಿದ ಮೇಲೆ ಒಂದೊಂದಾಗಿ ಕುಸಿಯಿತು. ಸರಕಾರ ಆ ವರ್ಷ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಪ್ರಶ್ನೆ ಹಣಕ್ಕಿಂತ ಹೆಚ್ಚಾಗಿ ಜಾಗದ್ದು. ಎಲ್ಲಿ ಕಟ್ಟುವುದು? ಹಳೆಯ ಜಾಗದಲ್ಲಿ ಮತ್ತೆ ಕಟ್ಟಿದರೆ ಮಳೆಗಾಲ ಬಂತೆಂದರೆ ಅವ್ವ ನಿದ್ದೆ ಮಾಡುವುದಿಲ್ಲ. ಹೊಲದಲ್ಲಿ ಕಟ್ಟೋಣವೆಂದರೆ ಅದು ಕಾಲುವೆ ನೀರಿನ ಕಬ್ಬಿನ ಭೂಮಿ, ಅಣ್ಣನ ಸಂಸಾರ ನಡೆಯುವುದೇ ಅದರ ಮೇಲೆ. ಉಳಿದದ್ದು ಗುಡ್ಡದ ಬುಡದಲ್ಲಿ ಅಪ್ಪನ ಹೆಸರಿಗಿದ್ದ ಮೂರು ಗುಂಟೆ. ಯಾರೂ ಕೇಳದ ಜಾಗ, ಆಡು ಮೇಯಿಸುವವರು ಕುಳಿತುಕೊಳ್ಳುವ ಜಾಗ. ನಲವತ್ನಾಲ್ಕು ಅಡಿ ಇಳಿಜಾರು ನಡೆದರೆ ಹನ್ನೊಂದು ಅಡಿ ಕೆಳಗೆ ಬರುತ್ತೀರಿ. ನಾಲ್ಕಕ್ಕೆ ಒಂದು.

ಅವ್ವನಿಗೆ ಮೊಣಕಾಲು ನೋವು, ಮೇಲೆ ದಮ್ಮು. "ಮೆಟ್ಟಲಾ ಹತ್ತಿ ಇಳಿಯೂ ಮನಿ ನನಗ ಬ್ಯಾಡ" ಎಂದು ಆಕೆ ಮೊದಲ ದಿನವೇ ಹೇಳಿಬಿಟ್ಟಳು. ಹೀಗಾಗಿ ನಮ್ಮ ಮುಂದಿದ್ದ ಲೆಕ್ಕ ಇಷ್ಟು: ನೀರು ಬರದಷ್ಟು ಎತ್ತರದಲ್ಲಿ, ಕಡಿದಾದ ಜಾಗದಲ್ಲಿ, ಮೆಟ್ಟಿಲಿಲ್ಲದೆ, ಹೊಗೆಯಿಲ್ಲದೆ, ಬೇಸಿಗೆಯಲ್ಲಿ ಕಾಯದ ಮನೆ.

ಗುಡ್ಡದ ಬುಡ ಎಂದ ಕೂಡಲೇ ನೋಡಬೇಕಾದದ್ದು ಕೆಳಗಲ್ಲ, ಮೇಲೆ. ಅದೇ 2019ರ ಅಕ್ಟೋಬರ್‌ನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಭಾರೀ ಬಂಡೆಗಳು ಮಳೆಗೆ ಬುಡ ಸಡಿಲಾಗಿ, ಕೆಳಗಿನ ಮನೆಗಳ ಮೇಲೆ ಉರುಳುವ ಹಾಗೆ ನಿಂತವು. ವಿಪತ್ತು ನಿರ್ವಹಣೆಯವರು ಬಂದು ಬಂಡೆಗಳನ್ನು ಒಡೆಯುವ ತನಕ ಕೆಳಗಿನವರಿಗೆ ಜೀವ ಕೈಯಲ್ಲಿ. ನಮ್ಮ ಕಡೆಯ ಗುಡ್ಡ ಹಾಸುಹಾಸಾಗಿ ಒಡೆಯುವ ಮರಳುಗಲ್ಲಿನದು. ಹಾಸಿನ ನಡುವಿನ ಮಣ್ಣು ತೊಳೆದುಹೋದರೆ ಮೇಲಿನ ಕಲ್ಲಿಗೆ ಆಧಾರ ಇರುವುದಿಲ್ಲ. ನಾನು ನಕ್ಷೆ ಬರೆಸುವ ಮೊದಲು ಸಿವಿಲ್ ಇಂಜಿನಿಯರರನ್ನೂ, ಕಲ್ಲು ಒಡೆಯುವ ಕೆಲಸ ಗೊತ್ತಿರುವ ಹಿರಿಯರೊಬ್ಬರನ್ನೂ ಕರೆದುಕೊಂಡು ಗುಡ್ಡ ಹತ್ತಿದೆ. ನಮ್ಮ ಜಾಗದ ನೇರ ಮೇಲೆ ಬಿಡಿಬಂಡೆ ಇರಲಿಲ್ಲ, ಬೇರು ಬಿಟ್ಟ ಗಿಡಗಳಿದ್ದವು. ಇದ್ದಿದ್ದರೆ ನಾನು ಅಲ್ಲಿ ಮನೆ ಕಟ್ಟುತ್ತಿರಲಿಲ್ಲ. ತಂಪು, ಬೆಳಕು, ಸೋಲಾರು, ಎಲ್ಲ ಆಮೇಲಿನ ಮಾತು.

ಗುತ್ತಿಗೆದಾರರೊಬ್ಬರು ಬಂದರು. ಜಾಗ ನೋಡಿ, "ಸಾಹೇಬ್ರ, ಎರಡ ದಿನಾ ಜೆಸಿಬಿ ಹಚ್ಚೂನು, ಸಪಾಟ ಮಾಡಿ ಕೊಡ್ತೇನಿ, ಆಮ್ಯಾಲ ಹದಿನಾರ ಕಾಲಮ್ ನಿಲ್ಲಸೂನು" ಎಂದರು. ನಮ್ಮ ಕಡೆ ಓರೆ ಜಾಗಕ್ಕೆ ಎಲ್ಲರೂ ಹೇಳುವ ಮದ್ದು ಇದೇ. ಇದರಲ್ಲಿ ಏನಾಗುತ್ತದೆ ಎಂದರೆ, ಮೇಲ್ಬದಿಗೆ ಮಣ್ಣು ಕಡಿದು ನೇರ ಗೋಡೆಯಂತೆ ನಿಲ್ಲಿಸುತ್ತೇವೆ, ಕಡಿದ ಮಣ್ಣನ್ನು ಕೆಳಬದಿಗೆ ಸುರಿಯುತ್ತೇವೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ಸುರಿದ ಮಣ್ಣಿನ ಮೇಲೆ ಕೂರುತ್ತದೆ. ಸುರಿದ ಮಣ್ಣು ಎರಡು ಮೂರು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಆಗ ಮನೆಯ ನಡುವೆ ಬಿರುಕು.

ತಡೆಗೋಡೆಯ ಲೆಕ್ಕ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಮಣ್ಣು ಗೋಡೆಯನ್ನು ತಳ್ಳುವ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ತಳ್ಳುವಿಕೆ ನಾಲ್ಕು ಪಟ್ಟು. ಗೋಡೆಯನ್ನು ಬುಡದಿಂದ ಉರುಳಿಸುವ ಶಕ್ತಿ ಘನಕ್ಕೆ ಅನುಗುಣ, ಅಂದರೆ ಎಂಟು ಪಟ್ಟು. ಒಂಬತ್ತು ಅಡಿಯ ಒಂದು ಗೋಡೆಯನ್ನೂ ಮೂರು ಅಡಿಯ ಮೂರು ಗೋಡೆಗಳನ್ನೂ ಹೋಲಿಸಿ ನೋಡಿ. ಒಂಬತ್ತರ ವರ್ಗ ಎಂಬತ್ತೊಂದು. ಮೂರರ ವರ್ಗ ಒಂಬತ್ತು, ಅಂಥ ಮೂರು ಎಂದರೆ ಇಪ್ಪತ್ತೇಳು. ಒಟ್ಟು ಎತ್ತರ ಅಷ್ಟೇ, ಹೊರಬೇಕಾದ ಬಲ ಮೂರರಲ್ಲಿ ಒಂದು ಭಾಗ. ಗೋಡೆಗಳು ಒಂದರಿಂದೊಂದು ಸಾಕಷ್ಟು ದೂರ ಇರಬೇಕು, ಎತ್ತರದ ಎರಡು ಪಟ್ಟಾದರೂ. ನಮ್ಮ ರೈತರು ಗುಡ್ಡದ ಹೊಲದಲ್ಲಿ ಒಂದು ದೊಡ್ಡ ಗೋಡೆ ಕಟ್ಟುವುದಿಲ್ಲ, ಸಾಲುಸಾಲು ಬದುವು ಹಾಕುತ್ತಾರೆ. ಲೆಕ್ಕ ಬರೆದು ತೋರಿಸದಿದ್ದರೂ ಅವರಿಗೆ ಅದು ಗೊತ್ತು.

ಇನ್ನು ನೀರು. ಒಣ ಮಣ್ಣು ತಳ್ಳುವುದಕ್ಕಿಂತ, ಹಿಂದೆ ನೀರು ತುಂಬಿ ನಿಂತ ಮಣ್ಣು ಎರಡು ಪಟ್ಟಿಗಿಂತ ಹೆಚ್ಚು ಬಲದಿಂದ ತಳ್ಳುತ್ತದೆ. ಮಳೆಗಾಲದಲ್ಲಿ ಬೀಳುವ ಗೋಡೆಗಳಲ್ಲಿ ಬಹಳಷ್ಟು ಬೀಳುವುದು ಮಣ್ಣಿನ ಭಾರಕ್ಕಲ್ಲ, ಈ ನೀರಿಗೆ. ಅದಕ್ಕೆ ಗೋಡೆಯಲ್ಲಿ ನಾಲ್ಕೈದು ಅಡಿಗೊಂದು ಪೈಪಿನ ತೂತು, ಅದರ ಹಿಂದೆ ಒಂದಡಿ ದಪ್ಪ ಕಲ್ಲುಚೂರು. ಅಗ್ಗದ ಕೆಲಸ. ಆದರೆ ಎಷ್ಟೋ ಕಡೆ ಗೋಡೆ ಚೆಂದ ಕಾಣಲೆಂದು ತೂತುಗಳ ಮೇಲೆ ಗಿಲಾವು ಮಾಡಿಬಿಡುತ್ತಾರೆ. ನಮ್ಮ ಗೌಂಡಿ ಕಾಕಾನೂ ಮುಚ್ಚಲು ಹೊರಟಿದ್ದ. "ಹೊಲಸ ಕಾಣತೈತಿ ತಮ್ಮಾ" ಎಂದ. ಕಾಣಲಿ ಬಿಡು ಕಾಕಾ ಎಂದೆ.

ಹಾಗಾಗಿ ನೆಲವನ್ನು ಸಪಾಟು ಮಾಡುವ ಬದಲು ಮನೆಯನ್ನೇ ಒಡೆದೆವು. ಹದಿನಾಲ್ಕು ಅಡಿ ಅಗಲದ ಎರಡು ಉದ್ದನೆಯ ಅಂಕಣ, ಗುಡ್ಡದ ಅಡ್ಡಕ್ಕೆ ಒಂದಕ್ಕೊಂದು ಅಂಟಿಕೊಂಡಂತೆ, ಕೆಳಗಿನದು ಮೇಲಿನದಕ್ಕಿಂತ ಐದು ಅಡಿ ತಗ್ಗಿನಲ್ಲಿ. ಎಲ್ಲಿಯೂ ಮೂರು ಅಡಿಗಿಂತ ಹೆಚ್ಚು ಕಡಿಯಲಿಲ್ಲ. ಮೇಲಿನ ಅಂಕಣದಲ್ಲಿ ಪಡಸಾಲೆ, ಅಡಿಗೆಮನೆ, ಅವ್ವನ ಕೋಣೆ, ಆಕೆಯ ಬಚ್ಚಲು ಮತ್ತು ಶೌಚಾಲಯ, ದೇವರ ಮಾಡ. ಆಕೆಗೆ ಬೇಕಾದದ್ದೆಲ್ಲ ಒಂದೇ ಮಟ್ಟದಲ್ಲಿ. ಕೆಳಗಿನದರಲ್ಲಿ ನಮ್ಮ ಕೋಣೆಗಳು, ಕಾಳುಕಡಿ ಇಡುವ ಜಾಗ. ಮೆಟ್ಟಿಲು ಹತ್ತಿ ಇಳಿಯುವವರು ನಾವು, ನಮಗೆ ಮೊಣಕಾಲು ಇನ್ನೂ ಇವೆ.

ಗುಡಿಗೆ ಹೋಗುವ ದಾರಿ ನಮ್ಮ ಜಾಗದ ಮೇಲ್ಬದಿಗಿದೆ. ದಾರಿಯಿಂದ ಮೇಲಿನ ಅಂಕಣದ ನೆಲ ಎರಡೂವರೆ ಅಡಿ ತಗ್ಗು. ಒಂದು ಅಡಿ ಇಳಿಯಲು ಹನ್ನೆರಡು ಅಡಿ ನಡೆಯಬೇಕು ಎಂಬುದು ಗಾಲಿಕುರ್ಚಿಯ ಇಳಿಜಾರಿಗೆ ಇರುವ ನಿಯಮ. ಅದರಂತೆ ಮೂವತ್ತು ಅಡಿ ಉದ್ದದ ಕಲ್ಲುಹಾಸಿನ ಇಳಿಜಾರು, ಒಂದು ಬದಿಗೆ ಹಿಡಿದುಕೊಳ್ಳುವ ಪೈಪು. ಅವ್ವ ಇವತ್ತು ಗಾಲಿಕುರ್ಚಿಯಲ್ಲಿಲ್ಲ. ಮುಂದೆ ಬೇಕಾದರೆ ಮನೆ ಒಡೆಯಬೇಕಾಗಿಲ್ಲ. ದಾರಿಗೂ ಮನೆಗೂ ನಡುವೆ ಒಂದೂವರೆ ಅಡಿ ಅಗಲದ ಕಲ್ಲಿನ ಗಟಾರ. ಗುಡ್ಡದಿಂದ ಇಳಿದ ಮಳೆನೀರು ಮನೆಯ ಕಡೆ ಬಾರದೆ ಎರಡೂ ಬದಿಗೆ ಸುತ್ತಿ ಹೋಗುತ್ತದೆ. ಇಳಿಜಾರಿನ ಮನೆಗೆ ಎಲ್ಲಕ್ಕಿಂತ ಮೊದಲು ಕಟ್ಟಬೇಕಾದದ್ದು ಈ ಗಟಾರ, ಪಾಯಾ ಆಮೇಲೆ.

ವಾಸ್ತುವಿನ ಮಾತು ಬರದೆ ಇದ್ದೀತೆ? ಜಾಗ ಪೂರ್ವಕ್ಕೆ ಇಳಿಯುತ್ತದೆ, ಪಶ್ಚಿಮಕ್ಕೆ ಗುಡ್ಡ. ಇದು ಬಹಳ ಶ್ರೇಷ್ಠ ಎಂದರು. ಆದರೆ ದಾರಿ ಪಶ್ಚಿಮಕ್ಕೆ, ಬಾಗಿಲು ಆ ಕಡೆ ಬೇಡ ಎಂದರು ನಮ್ಮ ಸೋದರಮಾವ. ಒಂದು ವಿಷಯದಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು. ಇಳಿಜಾರು ಹೇಗೂ ಮನೆಯ ಉತ್ತರ ತುದಿಗೆ ಬಂದು ಮುಗಿಯುತ್ತಿತ್ತು, ಬಾಗಿಲನ್ನು ಉತ್ತರಕ್ಕೆ ಇಟ್ಟೆವು. ಮಾವನೂ ಗೆದ್ದ, ಅವ್ವನ ಮೊಣಕಾಲೂ ಗೆದ್ದಿತು.

ಪುಸ್ತಕದ ಪ್ರಕಾರ ನಮ್ಮ ಸೀಮೆಯಲ್ಲಿ ಮನೆಯ ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಬೇಕು, ಯಾಕೆಂದರೆ ಬೇಸಿಗೆಯ ಸಂಜೆಬಿಸಿಲು ಪಶ್ಚಿಮದ ಗೋಡೆಯನ್ನು ಕಾಸುತ್ತದೆ. ಗುಡ್ಡದ ಅಡ್ಡಕ್ಕೆ ಕಟ್ಟಿದ್ದರಿಂದ ನಮ್ಮದು ಉಲ್ಟಾ, ಉದ್ದದ ಗೋಡೆಗಳು ಪೂರ್ವ ಪಶ್ಚಿಮಕ್ಕೆ. ಆದರೆ ಪಶ್ಚಿಮಕ್ಕೆ ಗುಡ್ಡವೇ ಇದೆಯಲ್ಲ. ಸೂರ್ಯ ಮುಳುಗುವ ಬಹಳ ಮುಂಚೆಯೇ ನಮ್ಮ ಮನೆಗೆ ನೆರಳು ಬೀಳುತ್ತದೆ. ಯಾರಿಗೂ ಬೇಡವಾದ ಜಾಗದ ದೊಡ್ಡ ಆಸ್ತಿ ಅದು, ನನ್ನ ಮಟ್ಟಿಗೆ. ಇದೇ ಗುಡ್ಡದ ಆ ಬದಿಗೆ, ಪಶ್ಚಿಮಕ್ಕೆ ಇಳಿಯುವ ಜಾಗ ಇದ್ದಿದ್ದರೆ ಇದೇ ನಕ್ಷೆಯ ಮನೆ ಒಲೆಯಾಗುತ್ತಿತ್ತು. ಪೂರ್ವದ ಬೆಳಗಿನ ಬಿಸಿಲಿಗೆ ಕೆಳಗಿನ ಅಂಕಣದ ಮುಂದೆ ಎಂಟು ಅಡಿ ಅಗಲದ ಹಂಚಿನ ಪಡವಿ ಇಳಿಸಿದ್ದೇವೆ, ಅದರಾಚೆ ಎರಡು ಬೇವು.

ಈಗ ಗೋಡೆಯ ಮಾತು, ಚಹಾದಂಗಡಿಯ ಮಾತು. ಮಣ್ಣಿನ ಮನೆ ಪ್ರವಾಹದಲ್ಲಿ ಬಿತ್ತು, ಮತ್ತೆ ಮಣ್ಣೇ ಯಾಕೆ? ಅಜ್ಜನ ಮನೆ ಬಿದ್ದದ್ದು ಮಣ್ಣಿನದೆಂದಲ್ಲ, ಬುಡ ನೀರಿನಲ್ಲಿ ನಿಂತದ್ದಕ್ಕೆ. ಅದೇ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಮಲಗಿದವರಿಗೆ ಫ್ಯಾನು ಬೇಕಿರಲಿಲ್ಲ. ಎರಡಡಿ ದಪ್ಪದ ಗೋಡೆ, ಜಂತಿಯ ಮೇಲೆ ಕರಲು ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಧ್ಯಾಹ್ನದ ಬಿಸಿ ಆ ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿ, ಹೊರಗೆ ತಂಪಾಗಿರುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಕೆಲಸ ಮಾಡಿ, ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ರೂಢಿಗೆ ತಂದರು. ಸುಡುವುದಿಲ್ಲ, ಆದ್ದರಿಂದ ಕಟ್ಟಿಗೆ, ಕಲ್ಲಿದ್ದಲು ಬೇಡ. ನೂರಕ್ಕೆ ಏಳೆಂಟು ಪಾಲು ಸಿಮೆಂಟು, ಒತ್ತಿದ ಮೇಲೆ ಮೂರು ನಾಲ್ಕು ವಾರ ಗೋಣಿಚೀಲ ಹೊದಿಸಿ ನೀರು ಹನಿಸಬೇಕು. ನಮ್ಮ ಇಟ್ಟಿಗೆ 230 ಮಿ.ಮೀ. ಉದ್ದ, 190 ಅಗಲ, 100 ದಪ್ಪ. ಬಾಡಿಗೆಗೆ ತಂದ ಯಂತ್ರದ ಮೇಲೆ ಅಣ್ಣನೂ ನಾಲ್ಕು ಜನ ಆಳುಗಳೂ ಒತ್ತಿದರು. ರಜೆಗೆ ಬಂದಾಗ ನಾನೂ ಒತ್ತಿದೆ, ಮರುದಿನ ಕೀಬೋರ್ಡ್ ಮೇಲೆ ಬೆರಳು ಏಳಲಿಲ್ಲ.

ಎಲ್ಲ ಮಣ್ಣೂ ಇದಕ್ಕೆ ಆಗದು. ಪರೀಕ್ಷೆ ಸುಲಭ, ಮಕ್ಕಳೂ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಕೆಳಗೆ ಮರಳು, ನಡುವೆ ರೇವೆ, ಮೇಲೆ ಜೇಡಿ, ಪದರ ಪದರವಾಗಿ ಕೂರುತ್ತದೆ. ಮರಳು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು, ಜೇಡಿ ಹತ್ತು ಹದಿನೈದರ ಆಸುಪಾಸು ಇದ್ದರೆ ಒಳ್ಳೆಯ ಮಣ್ಣು. ನಮ್ಮ ಜಾಗದ ಮಸಾರಿಗೆ ಕ್ರಷರಿನ ಪುಡಿ ಬೆರೆಸಿದ ಮೇಲೆ ಈ ಅಳತೆಗೆ ಬಂತು. ಮೂಡಲಗಿ ಕಡೆಯ ಬೀಗರು ಬಂದು ನೋಡಿ, ನಾವೂ ಕಟ್ಟಬೇಕೆಂದರು. ಅವರದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಇಟ್ಟಿಗೆ ಬೇಡ, ಪಾಯದ ಕೆಳಗೂ ಎರೆಮಣ್ಣು ತೆಗೆದು ಮುರಮು ತುಂಬಿಸಿ ಎಂದು ಹೇಳಿ ಕಳಿಸಿದೆ. ಅವರಿಗೆ ಓರೆಯ ಚಿಂತೆಯಿಲ್ಲ, ನಮಗೆ ಉಬ್ಬುವ ಚಿಂತೆಯಿಲ್ಲ.

ನೆಲದಿಂದ ಮೂರಡಿ ತನಕ ಗೋಡೆ ನಮ್ಮ ಗುಡ್ಡದ ಕಲ್ಲಿನದೇ. ಮಳೆ ಸಿಡಿಯುವುದು ಅಲ್ಲಿ ತನಕ. ಅದರ ಮೇಲೆ ಮಣ್ಣಿನ ಇಟ್ಟಿಗೆ. ಕಲ್ಲಿನ ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದ್ದೇವೆ. ಇದು ಶೋಭೆಗಲ್ಲ, ಚೇಳಿಗಾಗಿ. ಗುಡ್ಡದ ಬುಡದಲ್ಲಿ ಇರುವವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಲಾರಿ ಬೇಕರ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಹಿಮಾಲಯದ ಪಿಥೋರಾಗಢದ ಬೆಟ್ಟದಲ್ಲಿ ಹದಿನಾರು ವರ್ಷ ಇದ್ದು, ಅಲ್ಲಿನ ಜನ ಕಲ್ಲು ಮಣ್ಣಿನಿಂದ ಮನೆ ಕಟ್ಟುವುದನ್ನು ನೋಡಿ ಕಲಿತವರು. ಆಮೇಲೆ ತಿರುವನಂತಪುರದಲ್ಲಿ ಕಡಿದಾದ ಕಲ್ಲುಗುಡ್ಡದ ಮೇಲೆ, ನೆಲವನ್ನು ಸಪಾಟು ಮಾಡದೆ, ಮರ ಕಡಿಯದೆ ತಮ್ಮ ಮನೆ ಕಟ್ಟಿಕೊಂಡರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮೇಲಿನ ಅಂಕಣದ ಸ್ಲ್ಯಾಬು ಅವರು ಬಳಕೆಗೆ ತಂದ ರೀತಿಯದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಹೆಚ್ಚು ಕೆಲಸ ಮಾಡುವುದಿಲ್ಲ, ಅಲ್ಲಿ ಕಬ್ಬಿಣದ ಸರಳುಗಳದೇ ಕೆಲಸ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಜೋಡಿ ಜೋಡಿಯಾಗಿ ಇಟ್ಟು ಕಾಂಕ್ರೀಟು ಸುರಿಯುತ್ತಾರೆ. ಕಾಂಕ್ರೀಟು ಉಳಿಯುತ್ತದೆ, ಹಂಚಿನ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ತಡೆಯುತ್ತದೆ. ಬಿದ್ದ ಅಜ್ಜನ ಮನೆಯ ಹಿತ್ತಲ ಪಡವಿಯ ಹಂಚು ಆರಿಸಿ ತಂದಿದ್ದೆವು. ಈಗ ಅವ್ವ ಮಲಗಿ ಮೇಲೆ ನೋಡಿದರೆ ಅವೇ ಕಾಣುತ್ತವೆ.

ಬಿಸಿಲಿನಲ್ಲಿ ನಮ್ಮ ದೊಡ್ಡ ವೈರಿ ಗೋಡೆಯಲ್ಲ, ಛಾವಣಿ. ನಮ್ಮ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 5ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಸೂರ್ಯ ನೇರ ನೆತ್ತಿಯ ಮೇಲೆ. ಆ ಕ್ಷಣ ಈ ಶಾಲೆಯ ಧ್ವಜಸ್ತಂಭಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ 8ರ ಸುಮಾರಿಗೆ ಮತ್ತೊಮ್ಮೆ ಹಾಗೆಯೇ. ಮೇ ತಿಂಗಳಲ್ಲಿ ರಜೆ, ಆಗಸ್ಟಿನಲ್ಲಿ ಮೋಡ, ಹೀಗಾಗಿ ನಮ್ಮ ವಿಜ್ಞಾನದ ಗುರುಗಳಿಗೆ ಇದನ್ನು ತೋರಿಸುವ ಯೋಗ ಬಂದಿರಲಿಕ್ಕಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲನ್ನು ಪೂರ್ತಿ ಹೊರುವುದು ಛಾವಣಿಯೇ. ಬೋಳು ಸ್ಲ್ಯಾಬಿನ ಮೇಲೆ ಬಿಳಿ ಚೀನಿ ತುಂಡುಗಳನ್ನು ಕೂಡಿಸಿದ್ದೇವೆ. ಹೆಂಚಿನಂಗಡಿಯಲ್ಲಿ ಒಡೆದ ಟೈಲ್ಸು ಬಹುತೇಕ ಪುಕ್ಕಟೆ ಸಿಗುತ್ತವೆ. ಎರಡು ಅಂಕಣದ ಛಾವಣಿಗಳ ನಡುವೆ ಐದು ಅಡಿ ಎತ್ತರದ ಅಂತರ ಇದೆಯಲ್ಲ, ಆ ಗೋಡೆಯಲ್ಲಿ ಸಾಲಾಗಿ ಜಾಲಿ ಕಿಟಕಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ, ಕೆಳಗಿನ ಪಡವಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಅಜ್ಜನ ಬೆಳಕಿಂಡಿಯ ಕೆಲಸವೇ, ಮಳೆನೀರು ಮಾತ್ರ ಒಳಗೆ ಬೀಳುವುದಿಲ್ಲ. ಓರೆ ಜಾಗದಲ್ಲಿ ಇದು ಪುಕ್ಕಟೆ ಸಿಕ್ಕದ್ದು. ಸಪಾಟು ನೆಲದಲ್ಲಿ ಇದಕ್ಕಾಗಿ ಬೇರೆ ಗೋಡೆ ಏರಿಸಬೇಕು.

ಹೊಗೆಯ ವಿಷಯ. ಅವ್ವನ ದಮ್ಮಿಗೆ ಕಾರಣ ಒಂದೇ ಎಂದು ನಾನು ಡಾಕ್ಟರನಂತೆ ಹೇಳಲಾರೆ. ಆದರೆ ನಲವತ್ತು ವರ್ಷ ಹತ್ತಿಕಟ್ಟಿಗೆ, ಕುಳ್ಳು, ಕಬ್ಬಿನ ರವದಿ ಊದಿದವಳು. ಗ್ಯಾಸು ಬಂದ ಮೇಲೂ ರೊಟ್ಟಿಗೆ ಒಲೆ, ಸ್ನಾನದ ಹಂಡೆಗೆ ಒಲೆ. ಗ್ಯಾಸಿನ ಮೇಲೆ ಬೇಯಿಸಿದ ಜೋಳದ ರೊಟ್ಟಿ ರೊಟ್ಟಿಯೇ ಅಲ್ಲ ಎಂದು ಆಕೆಯ ತೀರ್ಮಾನ, ಇದರಲ್ಲಿ ಇಲ್ಲಿ ಕುಳಿತ ತಾಯಂದಿರು ನನ್ನ ಪಕ್ಷ ವಹಿಸುವುದಿಲ್ಲ ಎಂದು ಗೊತ್ತು. ಒಲೆ ಬಿಡಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ, ಮೂರು ಕಡೆ ತೆರೆದ ಚಪ್ಪರದ ಕೆಳಗೆ, ಚಿಮಣಿ ಇರುವ ಅಸ್ತ್ರ ಒಲೆ ಹಾಕಿಸಿದೆವು. ಅದೂ ಅದೇ ವಿಜ್ಞಾನ ಸಂಸ್ಥೆಯವರ ಒಲೆ, ಹಿರಿಯರು ಕೆಲವರು ಎಂಬತ್ತರ ದಶಕದಲ್ಲಿ ನೋಡಿರಬಹುದು. ಬೆಂಕಿ ಒಳಗೇ ಸುತ್ತಿ ಪಾತ್ರೆಗೆ ತಾಗುತ್ತದೆ, ಹೊಗೆ ಮೇಲೆ ಹೋಗುತ್ತದೆ. ಸ್ನಾನದ ನೀರಿಗೆ ಸೋಲಾರ್ ಹೀಟರು. ಹಂಡೆಯ ಒಲೆ ಮುರಿಯಿತು. ಮೊದಲ ಚಳಿಗಾಲದಲ್ಲಿ ರಾತ್ರಿ ಕೆಮ್ಮಿನ ಸದ್ದು ಕೇಳದೆ ನನಗೇ ಎಚ್ಚರವಾಗುತ್ತಿತ್ತು.

ಗೋಡೆಯ ಒಳಮೈಗೆ ಸುಣ್ಣ. ಬಣ್ಣ ಬೇಕೆನ್ನುವವರು ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ. 2017ರ ನವೆಂಬರ್ 1ರಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಇರಬಾರದೆಂದು ಕಾಯ್ದೆಯೇ ಇದೆ. ಕೂಸುಗಳು ಗೋಡೆ ಕೆರೆದು ಬಾಯಿಗೆ ಹಾಕಿಕೊಳ್ಳುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ವಿದ್ಯುತ್ತಿನದು ಬೇಗ ಮುಗಿಸುತ್ತೇನೆ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 28. ನಾಲ್ಕು ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ಹಳೆಯವಕ್ಕೆ 3.6 ಯೂನಿಟ್, ಹೊಸವಕ್ಕೆ 1.35ರ ಆಸುಪಾಸು. ತಿಂಗಳಿಗೆ ಸುಮಾರು 67 ಯೂನಿಟ್ ಉಳಿತಾಯ. ಛಾವಣಿಯ ಮೇಲೆ ಸೋಲಾರ್ ಫಲಕ ಹಾಕಬೇಕೆ ಎಂದು ಬಹಳ ಜನ ಕೇಳುತ್ತಾರೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60 ಸಾವಿರ, 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ಇದೆ. ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ ಹೋಗಬೇಕು, ಹುಕ್ಕೇರಿಯವರು 1969ರಿಂದ ನಡೆದುಬಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಯವರು ಸಾಲ ಮಾಡಿ ಫಲಕ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಮೊದಲು ಛಾವಣಿಗೆ ಬಿಳಿ, ಕಿಟಕಿಗೆ ನೆರಳು. ಫಲಕ ಆಮೇಲೆ.

ಮಳೆನೀರಿನ ಲೆಕ್ಕವೂ ಹಾಗೇ ಸರಳ. ಛಾವಣಿ ಸುಮಾರು 100 ಚದರ ಮೀಟರ್, ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೆ 60 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋದರೂ 48 ಸಾವಿರ. ತೊಟ್ಟಿಯನ್ನು ಕಡಿದ ಗಟ್ಟಿ ನೆಲದಲ್ಲೇ ಇಳಿಸಿದ್ದೇವೆ, ತುಂಬಿದ ಮಣ್ಣಿನಲ್ಲಿ ಅಲ್ಲ. ಇಳಿಜಾರಿನಲ್ಲಿ ಶೌಚದ ಗುಂಡಿ ಬೋರಿಗಿಂತ ಕೆಳಗಿರಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕೆಳಗೆ ಇನ್ನೊಬ್ಬರ ಮನೆ ಇರುತ್ತದೆ, ಅವರ ಬೋರು ಎಲ್ಲಿದೆ ಎಂದೂ ನೋಡಬೇಕು. ನಾವು ಕೆಳಗಿನ ಮನೆಯ ಕಾಕಾನನ್ನು ಕರೆದು, ಅವರು ತೋರಿಸಿದ ಕಡೆಯಿಂದ ದೂರ ಗುಂಡಿ ತೋಡಿದೆವು. ಬಚ್ಚಲ ನೀರು ಬಾಳೆಗೆ ಹೋಗುತ್ತದೆ, ಬಾಳೆಗೊನೆಯಲ್ಲಿ ಅವರಿಗೂ ಪಾಲು.

ಅಗ್ಗವಾಯಿತೆ ಎಂದು ಕೇಳುತ್ತೀರಿ. ಪಾಯಾ ಮತ್ತು ತಡೆಗೋಡೆಗೆ ಸಪಾಟು ಜಾಗಕ್ಕಿಂತ ಹೆಚ್ಚೇ ಹೋಯಿತು, ಗೋಡೆ ಮತ್ತು ಸ್ಲ್ಯಾಬಿನಲ್ಲಿ ಉಳಿಯಿತು. ಕೂಲಿ ಹೆಚ್ಚು, ಸಿಮೆಂಟು ಕಬ್ಬಿಣ ಕಡಿಮೆ. ಕೂಲಿ ಊರವರ ಕೈಗೆ ಹೋಗುತ್ತದೆ, ಸಿಮೆಂಟಿನ ದುಡ್ಡು ಹೊರಗೆ ಹೋಗುತ್ತದೆ. ಸಮಯ ಮಾತ್ರ ಬಹಳ ಹಿಡಿಯಿತು. ಅವಸರ ಇರುವವರಿಗೆ ಈ ದಾರಿ ಬೇಡ.

ಇನ್ನೊಂದೇ ವಿಷಯ. ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಗೆ ದೊಡ್ಡ ಕಮಾನು ಕಟ್ಟಿಸಬೇಕೆಂದು ಮಾತು ನಡೆದಿದೆ. ಕಮಾನು ಬೇಡ ಎಂದು ನಾನು ಹೇಳುವುದಿಲ್ಲ, ಅದರ ಮೇಲೆ ಹೆಸರು ಕೆತ್ತಿಸಲು ದಾನಿಗಳು ಇದ್ದಾರೆ. ಆದರೆ ಹಿಂದಿನ ಎರಡು ಕೋಣೆಗಳ ಮೇಲೆ ಇವತ್ತಿಗೂ ತಗಡು ಇದೆ. ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ಆ ಕೋಣೆಯಲ್ಲಿ ಗಣಿತ ಕಲಿತವರು ಇಲ್ಲಿ ಬಹಳ ಜನ ಇದ್ದೀರಿ. ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ತಗಡಿನ ಕೆಳಗೆ ಒಂದು ತಟ್ಟಿ, ಮೇಲೆ ಬಿಳಿ ಸುಣ್ಣ, ಎತ್ತರದಲ್ಲಿ ನಾಲ್ಕು ಜಾಲಿ, ಪಶ್ಚಿಮಕ್ಕೆ ಎರಡು ಸಾಲು ಬೇವು. ಇಷ್ಟಕ್ಕೆ ಕಮಾನಿನ ಒಂದು ಕಂಬದ ಹಣ ಸಾಕು.

ನನ್ನ ಮಾತನ್ನು ನಂಬಬೇಡಿ, ಅಳೆದು ನೋಡೋಣ. ಎರಡೂ ಕೋಣೆ ಒಂದೇ ಅಳತೆಯವು, ಮುಖವೂ ಒಂದೇ ಕಡೆ. ಒಂದರ ತಗಡಿಗೆ ಈ ಫೆಬ್ರವರಿಯಲ್ಲಿ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿಯೋಣ, ಇನ್ನೊಂದನ್ನು ಹಾಗೇ ಬಿಡೋಣ. ಎರಡು ಥರ್ಮಾಮೀಟರ್ ನಾನು ತಂದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ದಿನಾ ಮಧ್ಯಾಹ್ನ ಎರಡೂವರೆಗೆ ಎರಡೂ ಕೋಣೆಯ ಅಂಕಿ ಬರೆದಿಡಲಿ. ಯುಗಾದಿಗೆ ನಾನು ಊರಿಗೆ ಬರುತ್ತೇನೆ, ಆ ವಹಿ ನೋಡಿ ನಿಧಿಯ ಸಭೆ ಕರೆಯಿರಿ. ಸುಣ್ಣ ಅಣ್ಣ ಕೊಡುತ್ತಾನೆ, ಏಣಿ ನಮ್ಮ ಮನೆಯದೇ ಇದೆ. ಹಚ್ಚಲು ನಾಲ್ಕು ಜನ ಹಳೆಯ ವಿದ್ಯಾರ್ಥಿಗಳು ಬೇಕು, ಸಭೆ ಮುಗಿದ ಮೇಲೆ ಹೆಸರು ಬರೆಸಿ.